ಮಲ್ಲಪ್ಪನ ಕಡೆಯ ಚೀಟಿ

ನನ್ನ ತಮ್ಮ ಮಲ್ಲಪ್ಪ ತೀರಿಕೊಂಡ ಸುದ್ದಿ ಬಂದದ್ದು ಸೋಮವಾರ ಬೆಳಿಗ್ಗೆ. ಸೋಮವಾರ ಬೆಳಿಗ್ಗೆ ನಮ್ಮೂರಿನಲ್ಲಿ ಯಾರೂ ಇನ್ನೊಬ್ಬರ ಬಾಗಿಲು ತಟ್ಟುವುದಿಲ್ಲ. ಆದಿತ್ಯವಾರದ ಪಂದ್ಯದಿಂದ ತಮಗೇನು ಬಂದಿದೆ, ತಮ್ಮಿಂದೇನು ಹೋಗಿದೆ ಎಂದು ಅವರವರು ಕೈಕಾಲು ಆಡಿಸಿ ನೋಡಿಕೊಳ್ಳುವ ಹೊತ್ತು ಅದು. ಹಾಗಾಗಿ ಬಾಗಿಲು ಸದ್ದಾದಾಗಲೇ ಇದು ಪಂದ್ಯದ ಮಾತಲ್ಲವೆಂದು ನನಗೆ ತಿಳಿಯಿತು. ನಾನು ಆಗಷ್ಟೇ ಪೂಜೆ ಮುಗಿಸಿ ಕೈಯ ವಿಭೂತಿ ಒರೆಸಿಕೊಳ್ಳುತ್ತಿದ್ದೆ. ಹೊರಗೆ ಪರಿಮಳಾ ನಿಂತಿದ್ದಳು. ರಿಸಾರ್ಟಿನ ಹಿಂದುಗಡೆಯ ಚೀಟಿ ಕಿಟಕಿಯಲ್ಲಿ ಕೂರುವವಳು ಅವಳೇ.

"ಅಕ್ಕಾರ, ಸೋಮವಾರ ಬಂದೇನಿ ಅಂತ ಬೈಬ್ಯಾಡ್ರಿ" ಎಂದಳು.

"ಬೈಯೂದಿಲ್ಲ. ಹೇಳವ್ವಾ."

"ಮಲ್ಲಪ್ಪಣ್ಣ ಲಾಯದಾಗ ಮಲಗಿದ್ರು. ಎಬ್ಬಿಸಿದ್ರ ಏಳಲಿಲ್ರಿ."

ನಾನು ಕೇಳಿದ್ದು ಒಂದೇ ಮಾತು. "ಉಂಡಿದ್ದನೇನು?"

"ಉಂಡಿದ್ರಂತ್ರಿ. ಎರಡು ರೊಟ್ಟಿ."

ಅವನಿಗೆ ಅರವತ್ತಾರು, ನನಗೆ ಎಪ್ಪತ್ನಾಲ್ಕು. ನಮ್ಮ ಅವ್ವ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಆ ದಿನ ಮಧ್ಯಾಹ್ನವೇ ಅವನನ್ನು ಮಣ್ಣಿಗೆ ಕೊಟ್ಟೆವು. ಪಕ್ಕೆಲುಬಿನ ಕೆಳಗೆ ಬೀಸುಗಲ್ಲೊಂದನ್ನು ಇಟ್ಟಂತಾಗಿ, ಅಂದಿನಿಂದ ಅನ್ನದ ಅಗುಳು ಅದನ್ನು ದಾಟಿ ಕೆಳಗಿಳಿಯಲಿಲ್ಲ.

ನಮ್ಮೂರಿನ ರಿಸಾರ್ಟಿಗೆ ಹೊರಗಿನವರು ಕಾರುಗಳಲ್ಲಿ ಬರುತ್ತಾರೆ. ಗಾಜಿನ ಛಾವಣಿಯ ಕ್ಯಾಸಿನೋದಲ್ಲಿ ಇಸ್ಪೀಟು ಆಡುತ್ತಾರೆ, ಚಕ್ರ ತಿರುಗಿಸುತ್ತಾರೆ, ಸಂಜೆ ಮೇಲಿನ ಕಟ್ಟೆಯಲ್ಲಿ ಕುಳಿತು ಕುದುರೆಗಳ ಮೇಲೆ ಹಣ ಹೂಡುತ್ತಾರೆ. ಹಣ ಬಂದರೆ ನಗುತ್ತಾರೆ, ಹೋದರೆ ಬೈದುಕೊಂಡು ಹೊರಟುಹೋಗುತ್ತಾರೆ. ಅವರಿಗೆ ಮತ್ತೇನೂ ಆಗುವುದಿಲ್ಲ. ನಮ್ಮೂರಿನವರಿಗೆ ಹಿಂದುಗಡೆಯ ಸಣ್ಣ ಕಿಟಕಿ. ಅಲ್ಲಿ ಒಂದು ಸೇರು ಹುರುಳಿ ಕೊಟ್ಟರೆ ಒಂದು ಚೀಟಿ. ಚೀಟಿಯಲ್ಲಿ ಒಂದು ಕುದುರೆಯ ಹೆಸರು, ಒಬ್ಬ ಮನುಷ್ಯನ ಹೆಸರು. ತನ್ನ ಹೆಸರನ್ನು ತಾನು ಬರೆಸುವಂತಿಲ್ಲ. ಬೇರೆ ಯಾರದನ್ನಾದರೂ ಬರೆಸಬಹುದು. ಆ ಕುದುರೆ ಮೊದಲು ಬಂದರೆ ಹೆಸರಿನವನ ನೋವುಗಳಲ್ಲಿ ಎಲ್ಲಕ್ಕಿಂತ ಭಾರವಾದದ್ದೊಂದು ಹೋಗುತ್ತದೆ. ಕಡೆಗೆ ಬಂದರೆ ಅವನಿಗೆ ಹೊಸದೊಂದು ನೋವು ಬರುತ್ತದೆ. ನಡುವೆ ಬಂದರೆ ಏನೂ ಇಲ್ಲ, ಹುರುಳಿ ಕುದುರೆಯ ಹೊಟ್ಟೆಗೆ. ಕೆಲವರಿಗೆ ಕೂಡಲೇ ತಿಳಿಯುತ್ತದೆ, ಹೆಚ್ಚಿನವರಿಗೆ ಮರುದಿನ ಎದ್ದು ನಿಂತಾಗ.

ಯಾರು ಯಾರ ಹೆಸರು ಬರೆಸಿದರೆಂದು ಬರೆಸಿದವರು ಬದುಕಿರುವತನಕ ಹೇಳುವಂತಿಲ್ಲ. ಆದ್ದರಿಂದ ನಮ್ಮೂರಿನಲ್ಲಿ ಎಲ್ಲರೂ ಎಲ್ಲರಿಗೂ ನಮಸ್ಕಾರ ಮಾಡುತ್ತಾರೆ. ಹಲ್ಲುನೋವು ವಾಸಿ ಮಾಡಿದವನು ಹಾಲಿನವನೋ, ಬೀಗಿತ್ತಿಯೋ, ಬೀದಿಯ ಕಡೆಯ ಮನೆಯವನೋ ಯಾರಿಗೆ ಗೊತ್ತು? ಪರೀಕ್ಷೆಯ ತಿಂಗಳು ಬಂದರೆ ಲೆಕ್ಕದ ಮಾಸ್ತರರು ಪ್ರತಿ ಸೋಮವಾರ ಮೈಯ ಹೊಸದೊಂದು ಜಾಗ ಹಿಡಿದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳಲು ಹೋಗುತ್ತಾರೆ. ಪಾಪ, ಅವರೂ ಎದುರು ಸಿಕ್ಕ ಮಕ್ಕಳಿಗೆಲ್ಲ ನಮಸ್ಕಾರ ಮಾಡಿಯೇ ಹೋಗುತ್ತಾರೆ.

ನಾನು ಒಮ್ಮೆಯೂ ಚೀಟಿ ಬರೆಸಿದವಳಲ್ಲ. ನೋವನ್ನು ಕೊಡುವುದೂ ಕಳೆಯುವುದೂ ಶಿವನ ಕೆಲಸ, ಅದಕ್ಕೆ ಕುದುರೆ ಯಾಕೆ ಎಂಬುದು ನನ್ನ ಮತ. ಹಾಗೆಂದು ಕುದುರೆಯ ಅನ್ನ ಉಣ್ಣಲಿಲ್ಲವೆಂದಲ್ಲ. ನಲವತ್ತು ವರ್ಷ ಸವಾರರ ಬಣ್ಣದ ಅಂಗಿಗಳನ್ನು ಹೊಲಿದು ಬದುಕಿದೆ. ಆದರೆ ಪಂದ್ಯವನ್ನು ಕಣ್ಣಿಂದ ನೋಡಿರಲಿಲ್ಲ.

ಮಲ್ಲಪ್ಪ ಸವಾರನಾಗಿದ್ದ. ಇಪ್ಪತ್ತೆರಡು ವರ್ಷಗಳ ಹಿಂದೆ, ಕಡೆಯ ತಿರುವಿನಲ್ಲಿ ಮುಂದಿದ್ದಾಗ, ಅವನ ಜೊತೆಗಾರನೇ ಆದ ಸಿದ್ರಾಮ ತನ್ನ ಕುದುರೆಯನ್ನು ಇವನ ಕುದುರೆಗೆ ಒತ್ತಿದ. ಇವನು ಓಟದ ದಾರಿಯ ಕಟಕಟೆಗೆ ಬಿದ್ದು ಸೊಂಟದ ಚಪ್ಪೆ ಮುರಿದುಕೊಂಡ. ಸಿದ್ರಾಮ ಗೆದ್ದ. ಮೂಳೆ ಕೂಡಿತು, ಆದರೆ ಎಡಗಾಲು ಎರಡು ಬೆರಳಿನಷ್ಟು ಗಿಡ್ಡವಾಯಿತು. ಆಮೇಲೆ ಅವನು ಕುದುರೆ ಹತ್ತಲಿಲ್ಲ, ಲಾಯದಲ್ಲಿ ಕುದುರೆ ನೋಡಿಕೊಂಡು ಉಳಿದ. ಸಿದ್ರಾಮನ ಹೆಸರನ್ನು ಅವನ ಬಾಯಿಂದ ನಾನು ಮತ್ತೆ ಕೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೈಯುವವನ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಮಣ್ಣು ಮುಗಿದ ಮೂರನೆಯ ದಿನ ಪರಿಮಳಾ ಮತ್ತೆ ಬಂದಳು. ಅವನ ಅಂಗಿಯ ಜೇಬಿನಲ್ಲಿ ಸಿಕ್ಕ ಚೀಟಿಯನ್ನು ನನ್ನ ಕೈಗೆ ಕೊಟ್ಟಳು. ಓಡದ ಚೀಟಿಯಿಟ್ಟು ಯಾರಾದರೂ ಸತ್ತರೆ ಅದನ್ನು ಮನೆಯವರಿಗೆ ಕೊಡುವುದು ವಾಡಿಕೆ. ಪಂದ್ಯದ ದಿನ ಮನೆಯವರೊಬ್ಬರು ಕಟಕಟೆಯ ಹತ್ತಿರ ನಿಂತರೆ ಚೀಟಿ ಓಡುತ್ತದೆ. ಯಾರೂ ನಿಲ್ಲದಿದ್ದರೆ ಅದೂ ಸತ್ತಂತೆ. ಬರುವ ಆದಿತ್ಯವಾರದ ಕಡೆಯ ಪಂದ್ಯದ ಚೀಟಿ. ಕುದುರೆಯ ಜಾಗದಲ್ಲಿ 'ಬೆಳ್ಳಿ' ಎಂದಿತ್ತು. ಆ ಬೂದುಬಣ್ಣದ ಹೆಣ್ಣುಕುದುರೆ ಸಾಲಾಗಿ ಒಂಬತ್ತು ಪಂದ್ಯಗಳಲ್ಲಿ ಕಡೆಗೆ ಬಂದದ್ದು ಊರಿಗೇ ಗೊತ್ತು. ಯಾರನ್ನಾದರೂ ಶಪಿಸಬೇಕಾದರೆ ನಮ್ಮ ಬೀದಿಯವರು 'ನಿನ್ನ ಹೆಸರು ಬೆಳ್ಳಿಗೆ ಹೋಗಲಿ' ಎನ್ನುತ್ತಾರೆ. ಮನುಷ್ಯನ ಜಾಗದಲ್ಲಿ ಸಿದ್ರಾಮನ ಹೆಸರಿತ್ತು.

ಆ ಎರಡು ಹೆಸರುಗಳನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತೆ. ಕಡೆಗೆ ಹಿಡಿದದ್ದು ಕೈಯಲ್ಲೇ ಉಳಿಯುತ್ತದೆ ಎಂದು ನಮ್ಮ ಮಠದ ಅಜ್ಜನವರು ಹೇಳುತ್ತಿದ್ದರು. ನನ್ನ ತಮ್ಮ ಕಡೆಗೆ ಹಿಡಿದದ್ದು ಇದಾದರೆ ಹಗೆ ಹಿಡಿದುಕೊಂಡೇ ಹೋದನೆಂದಾಯಿತು. ಅಂಥ ಕೈಯನ್ನು ಶಿವನು ಹೇಗೆ ಹಿಡಿದುಕೊಂಡಾನು? ಅವನು ಹೋದದ್ದಕ್ಕಿಂತ ಹೀಗೆ ಹೋದದ್ದು ನನಗೆ ತಡೆಯಲಾಗಲಿಲ್ಲ.

ಪಕ್ಕದ ಮನೆಯ ತಾರವ್ವ ಗಂಜಿ ತಂದಿದ್ದಳು. ಚೀಟಿ ನೋಡಿ ಹೇಳಿದಳು, "ಹೋಗಬ್ಯಾಡ ನೀಲವ್ವಾ. ಯಾರೂ ನಿಲ್ಲದಿದ್ರ ಅದು ಸಾಯತೈತಿ. ತಮ್ಮನ ಕೂಡ ಅದೂ ಮಣ್ಣಾಗಲಿ."

"ಚೀಟಿ ಸತ್ತರೂ ಅಂವ ಸಿಟ್ಟಿನಾಗ ಹೋದಾ ಅನ್ನೂದು ಸಾಯೂದಿಲ್ಲಲ್ಲ."

"ಇಪ್ಪತ್ತೆರಡು ವರ್ಷ ಕುಂಟಿದಾಂವ ಸಿಟ್ಟಿನಾಗ ಹೋಗದ ನಕ್ಕೋತ ಹೋಗತಾನೇನು? ನನ್ನ ಗಂಡ ಸಾಯೂಮುಂದ ಸಾರಿಗೆ ಉಪ್ಪು ಕಮ್ಮಿ ಅಂತ ನನ್ನ ಬೈಕೋತ ಹೋದ. ನಾ ಇನ್ನೂ ಉಪ್ಪು ಹಿಡಕೊಂಡು ಅಳಲೇನು? ಗಂಜಿ ಕುಡಿ."

ನಾನು ಕುಡಿಯಲಿಲ್ಲ. ಮರುದಿನ ಸಿದ್ರಾಮನ ಮನೆಗೆ ಹೋದೆ.

ಅವನು ರಿಸಾರ್ಟಿನಲ್ಲಿ ಬ್ಯಾಟರಿ ಗಾಡಿ ಓಡಿಸುತ್ತಾನೆ, ಬಂದವರನ್ನು ಗೇಟಿನಿಂದ ಕೋಣೆಗಳಿಗೆ ಬಿಡುವ ಕೆಲಸ. ಹಿಂದುಗಡೆ ಒಂದೇ ಕೋಣೆಯ ಮನೆ. ನನ್ನನ್ನು ಕಂಡು ಗೋಡೆ ಹಿಡಿದು ಎದ್ದ. ಸವಾರಿಯ ಕಾಲದಿಂದಲೂ ಅವನಿಗೆ ನಡುವಿನ ನೋವು, ಏಳುವಾಗ ಮೂರು ಸಲ ನಿಲ್ಲುತ್ತಾನೆ.

"ಕುಂದರ್ರಿ ಅಕ್ಕಾರ. ಮಣ್ಣಿಗೆ ಬಂದಿದ್ದೆ. ದೂರ ನಿಂತಿದ್ದೆ."

"ನೋಡಿದೆ."

"ಚೀಟಿ ಸುದ್ದೀನೂ ಕೇಳೀನ್ರಿ. ಪರಿಮಳಾನ ಬಾಯಿ ಆಕಿ ಕಿಟಕಿಕ್ಕಿಂತ ದೊಡ್ಡದು."

"ನಿನ್ನ ಮನಸ್ಸು ಏನೈತಿ ಕೇಳಾಕ ಬಂದೆ, ಸಿದ್ರಾಮಾ. ಬ್ಯಾಡ ಅಂದ್ರ ನಾ ಹೋಗಿ ನಿಲ್ಲೂದಿಲ್ಲ."

ಅವನು ಕೈ ಮುಗಿದ. "ನಿಲ್ರಿ ಅಕ್ಕಾರ. ಓಡಲಿ, ಕಡೀಕ ಬರಲಿ. ಇಪ್ಪತ್ತೆರಡು ವರ್ಷ ಕಾದೇನಿ. ಪ್ರತಿ ಆದಿತ್ಯವಾರ ಇವತ್ತ ಮಲ್ಲ್ಯಾ ನನ್ನ ಹೆಸರು ಬರಸ್ಯಾನು ಅಂತ ಮಲಗತಿದ್ದೆ. ಸೋಮವಾರ ಎದ್ರ ಹಳೇ ನಡಾ ಬ್ಯಾನಿನ. ಹೊಸಾದು ಏನೂ ಇಲ್ಲ. ಮಂದಿ ಬ್ಯಾನಿ ಬಂದ್ರ ಅಳತಾರ. ನನಗ ಬರವಲ್ದು ಅಂತನ ಸಂಕಟ."

ಇಷ್ಟು ವರ್ಷ ಕೇಳದ ಮಾತನ್ನು ಆಗ ಕೇಳಿದೆ. "ಆವತ್ತ ಬೇಕಂತನ ಒತ್ತಿದೇನು?"

ಅವನು ನೆಲ ನೋಡಿದ. "ಬೇಕಂತನ. ನನ್ನ ಕುದುರಿ ಮ್ಯಾಲೆ ನಮ್ಮವ್ವನ ಹೆಸರಿತ್ತು. ಯಾರು ಬರಸಿದ್ರೋ, ಹ್ಯಾಂಗೋ ಕಿವಿಗೆ ಬಿದ್ದಿತ್ತು. ಆಕಿ ಹೊಟ್ಟಿ ಬ್ಯಾನಿಗೆ ಒದರೂದು ನಿಮಗೂ ಕೇಳತಿತ್ತಲ್ರಿ, ಆ ಕಾಲದಾಗ. ಮಲ್ಲ್ಯಾ ಮುಂದಿದ್ದ. ನನಗ ಅವ್ವ ಕಂಡ್ಲು, ಮಲ್ಲ್ಯಾ ಕಾಣಲಿಲ್ಲ."

"ಆಕಿ ಬ್ಯಾನಿ?"

"ಅವತ್ತ ಹೋತು. ಆಮ್ಯಾಲೆ ಎಂಟು ವರ್ಷ ಬದುಕಿದ್ಲು, ದಿನಾ ರೊಟ್ಟಿ ಬಡದು ಹಾಕಿದ್ಲು. ಆ ರೊಟ್ಟಿ ತಿನಕೋತ ತಪ್ಪಾತು ಅಂತ ಮಲ್ಲ್ಯಾನ ಮುಂದ ಹ್ಯಾಂಗ ಹೇಳ್ಲಿ? ಸುಳ್ಳಾಗತಿತ್ತು. ಅದಕ್ಕ ಅಂವನ ಕೈಲೇ ಒಂದು ಬ್ಯಾನಿ ಬರಲಿ. ಲೆವಲ್ ಆಗತೈತಿ."

ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಬೆಳ್ಳಿ ಕಡೆಗೆ ಬಂದರೆ ಸಿದ್ರಾಮನಿಗೆ ಸಮಾಧಾನವಾಗುತ್ತದೆ. ಆದರೆ ಮಲ್ಲಪ್ಪ ಸತ್ತ ಮೇಲೂ ಒಬ್ಬನ ಮೈಗೆ ನೋವು ಹಾಕಿದವನಾಗುತ್ತಾನೆ. ಚೀಟಿಯನ್ನು ಸಾಯಲು ಬಿಟ್ಟರೆ, ಬರೆದದ್ದು ಬರೆದ ಹಾಗೇ ಉಳಿಯುತ್ತದೆ. ಶನಿವಾರ ಪೂಜೆಯಲ್ಲಿ ಕುಳಿತಾಗ ಒಂದು ದಾರಿ ತೋಚಿತು. ತಮ್ಮನಾದವನು ಅಕ್ಕನಿಗೆ ನೋವು ಕೊಟ್ಟರೆ ಲೋಕದಲ್ಲಿ ಯಾರೂ ಅದನ್ನು ಹಗೆ ಎನ್ನುವುದಿಲ್ಲ. ಎಂದಿನಿಂದಲೂ ನಡೆದು ಬಂದದ್ದೇ ಅದು.

ಆದಿತ್ಯವಾರ ಸಂಜೆ ಹಿಂದುಗಡೆಯ ಕಿಟಕಿಗೆ ಹೋದೆ. ಪರಿಮಳಾ ಎದ್ದು ನಿಂತಳು.

"ಸತ್ತವರ ಚೀಟಿಯ ಹೆಸರು ಬದಲಸಾಕ ಬರತೈತೇನು?"

"ಒಮ್ಮೆ ಬರತೈತ್ರಿ. ಹೆಸರಿನವರೂ ನಡುವ ಸತ್ತಿರತಾರಲ್ಲ, ಅದಕ್ಕ. ಮೊದಲ್ನೇ ಗಂಟಿ ಹೊಡ್ಯೂತನಕ ಅಷ್ಟ. ಆಮ್ಯಾಲೆ ಆ ಶಿವ ಬಂದ್ರೂ ಆಗೂದಿಲ್ಲ."

"ಶಿವನ್ನ ಕಿಟಕಿಗೆ ಎಳೀಬ್ಯಾಡ. ಸಿದ್ರಾಮನ ಹೆಸರು ಹೊಡದು ನನ್ನ ಹೆಸರು ಬರಿ."

ಅವಳು ಬರೆಯುವ ಕೈ ತಡೆದಳು. "ಅಕ್ಕಾರ, ಇದು ಬೆಳ್ಳಿ. ಕಡೀಕ ಬರೂ ಕುದುರಿ. ಈ ವಯಸ್ಸಿನಾಗ ಹೊಸಾ ಬ್ಯಾನಿ..."

"ಹಳೇವಕ್ಕ ಜೋಡಿ ಆಗಲಿ. ತನ್ನ ಹೆಸರು ತಾ ಬರಸಬಾರದು ಅನ್ನೂದು ಅಡ್ಡ ಬರತೈತೇನು?"

"ಚೀಟಿ ನಿಮ್ಮ ತಮ್ಮಂದು, ಹೆಸರು ನಿಮ್ದು. ನಡೀತೈತ್ರಿ" ಎಂದು ಬರೆದಳು. ಅವಳು ಚೀಟಿಯನ್ನು ನನಗೆ ಕೊಡುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಕಿಟಕಿಯ ಪಟ್ಟಿ ಕೆಳಗಿಳಿಯಿತು.

ಕಟಕಟೆಯ ಹತ್ತಿರ ಸಿದ್ರಾಮ ಆಗಲೇ ನಿಂತಿದ್ದ. ಒಗೆದ ಅಂಗಿ ಹಾಕಿಕೊಂಡಿದ್ದ. ಮದುವೆಗೆ ಬಂದವನಂತೆ ಕೂದಲಿಗೆ ಎಣ್ಣೆ ಹಚ್ಚಿದ್ದ. ಹೆಸರು ಬದಲಿಸಿದ್ದನ್ನು ನಾನು ಅವನಿಗೆ ಹೇಳಲಿಲ್ಲ. ಪಂದ್ಯ ಮುಗಿದ ಮೇಲೆ ತನ್ನಷ್ಟಕ್ಕೆ ತಿಳಿಯುತ್ತದೆ, ಬೈದರೆ ಬೈಯಲಿ ಎಂದುಕೊಂಡೆ. ಮೇಲಿನ ಕಟ್ಟೆಯಲ್ಲಿ ಹೊರಗಿನವರು ಗಾಜಿನ ಲೋಟಗಳನ್ನು ಹಿಡಿದು ನಗುತ್ತಿದ್ದರು. ಕುದುರೆಗಳನ್ನು ಒಂದೊಂದಾಗಿ ನಮ್ಮ ಮುಂದಿನಿಂದಲೇ ಓಟದ ಗೆರೆಗೆ ನಡೆಸಿಕೊಂಡು ಹೋದರು. ಬೆಳ್ಳಿ ಕಡೆಯದು.

ಅದು ಹತ್ತಿರ ಬಂದಾಗ ಸಿದ್ರಾಮ ಕಟಕಟೆಯ ಮೇಲೆ ಬಗ್ಗಿದ. "ಕಣ್ಣಿನ ಪಟ್ಟಿ ಎಲ್ಲೈತಿ?" ಎಂದು ಕುದುರೆಯನ್ನು ನಡೆಸುತ್ತಿದ್ದ ಲಾಯದವನನ್ನು ಕೇಳಿದ. ಅಕ್ಕಪಕ್ಕ ಕಾಣದಂತೆ ಕೆಲವು ಕುದುರೆಗಳ ಕಣ್ಣಿನ ಬದಿಗೆ ಪಟ್ಟಿ ಕಟ್ಟುತ್ತಾರೆ. ಬೆಳ್ಳಿ ಒಂಬತ್ತು ಸಲವೂ ಅದನ್ನು ಕಟ್ಟಿಕೊಂಡೇ ಓಡಿತ್ತು.

"ತಗಸಿದ್ದು ಮಲ್ಲಪ್ಪಣ್ಣ" ಎಂದ ಲಾಯದವನು. "ಇದಕ್ಕ ಮಗ್ಗಲಿನ ಕುದುರಿ ಕಾಣಬೇಕು, ಕಾಣದಿದ್ರ ಒಂಟಿ ಆದೆ ಅಂತ ಹೆದರಿ ಹಿಂದ ಬೀಳತೈತಿ ಅಂದಿದ್ದ. ಮೂರು ತಿಂಗಳಾತು, ಹೊತ್ತು ಹುಟ್ಟೂಕಿಂತ ಮುಂಚೆ ನನ್ನ ಕೂಡ್ರಿಸಿ ಪಟ್ಟಿ ಇಲ್ಲದ ಓಡಸತಿದ್ದ. ಯಾರಿಗೂ ಹೇಳಬ್ಯಾಡ ಅಂದಿದ್ದ. ಈಗ ಹೇಳಿದ್ರ ನಡೀತೈತಿ."

ಅವನು ಮುಂದೆ ನಡೆದ. ಸಿದ್ರಾಮ ನನ್ನ ಕಡೆ ತಿರುಗಿದ.

"ಅಕ್ಕಾರ, ಇದು ಗೆಲ್ಲೂ ಕುದುರಿ" ಎಂದ.

ನಾನು ಹಿಂತಿರುಗಿ ಕಿಟಕಿಯನ್ನು ನೋಡಿದೆ. ಮುಚ್ಚಿತ್ತು. ಆಗ ಎರಡನೆಯ ಗಂಟೆ ಹೊಡೆಯಿತು.

ಓಟದ ಬಗ್ಗೆ ಬರೆಯಲು ನನಗೆ ತಿಳಿಯದು. ದೂರದಲ್ಲಿ ಧೂಳೆದ್ದಿತು, ನಾನು ಹೊಲಿದ ಅಂಗಿಗಳ ಬಣ್ಣಗಳು ಒಂದಕ್ಕೊಂದು ಕಲಸಿಕೊಂಡವು. ಬೆಳ್ಳಿಯ ಸವಾರನದು ಹಳದಿ ತೋಳಿನ ಅಂಗಿ. ಮೊದಲು ಅದು ಎಲ್ಲರ ಹಿಂದಿತ್ತು. ಕಡೆಯ ತಿರುವಿನಲ್ಲಿ ಗುಂಪಿನ ನಡುವೆ ಕಂಡಿತು. ಆಮೇಲೆ ಒಂದು ಕಪ್ಪು ಕುದುರೆಯ ಮಗ್ಗುಲಲ್ಲಿ, ಅದರ ಮುಖವನ್ನೇ ನೋಡುತ್ತ ಓಡಿತು. ನಾನು ಶಿವನ ಹೆಸರು ಹೇಳುತ್ತಿದ್ದೆ. ಗೆಲ್ಲಲೆಂದೋ ಸೋಲಲೆಂದೋ ನನಗೇ ಗೊತ್ತಿರಲಿಲ್ಲ. ಗೆದ್ದರೆ ನನ್ನ ತಮ್ಮ ಹಗೆಯಿಲ್ಲದೆ ಹೋದದ್ದು ನಿಜ. ಗೆದ್ದರೆ ನಾನು ಸಿದ್ರಾಮನ ಬಾಯಿಯ ತುತ್ತು ಕಸಿದದ್ದೂ ನಿಜ. ಬೆಳ್ಳಿ ಅರ್ಧ ಕುದುರೆಯ ಅಂತರದಲ್ಲಿ ಮೊದಲು ಬಂತು.

ಸಿದ್ರಾಮ ಕಣ್ಣು ಮುಚ್ಚಿ ನಡುವಿನ ಮೇಲೆ ಎರಡೂ ಕೈಯಿಟ್ಟುಕೊಂಡು ಕಾದ. ಬಗ್ಗಿದ. ನೆಟ್ಟಗಾದ. ಮತ್ತೆ ಬಗ್ಗಿದ.

"ಐತಿ ಅಕ್ಕಾರ" ಎಂದ. "ಇನ್ನೂ ಐತಿ. ಯಾಕ ಹೋಗವಲ್ದು?"

ನನಗೆ ಗೊತ್ತಿತ್ತು. ನಾನು ನನ್ನ ಮೈಯನ್ನು ನೋಡಿಕೊಳ್ಳುತ್ತಿದ್ದೆ. ಮೊಣಕಾಲು ಎಂದಿನಂತೆ ನೋಯುತ್ತಿತ್ತು. ಸೂಜಿ ಹಿಡಿದು ಡೊಂಕಾದ ಬೆರಳುಗಳು ಎಂದಿನಂತೆ ಬಿಗಿದಿದ್ದವು. ಪಕ್ಕೆಲುಬಿನ ಕೆಳಗಿನ ಕಲ್ಲು ಇರಲಿಲ್ಲ. ಉಸಿರು ಸರಾಗವಾಗಿ ಕೆಳಗಿಳಿಯಿತು, ಹಸಿವಾಯಿತು. ನಾನು ಬೇಕೆಂದೇ ಮಲ್ಲಪ್ಪನನ್ನು ನೆನೆದೆ. ಜ್ವರದಲ್ಲಿ ನನ್ನ ಸೆರಗು ಬಾಯಲ್ಲಿಟ್ಟುಕೊಂಡು ಮಲಗಿದ ಕೂಸನ್ನು ನೆನೆದೆ, ಲಾಯದ ಹುಲ್ಲಿನ ಮೇಲೆ ಬಾಯಿ ತೆರೆದು ಮಲಗಿದ ಮುದುಕನನ್ನು ನೆನೆದೆ. ಎಲ್ಲ ಸ್ಪಷ್ಟವಾಗಿ ಕಂಡಿತು, ಬೇರೆಯವರ ಮನೆಯ ಗೋಡೆಯ ಪಟ ಕಂಡ ಹಾಗೆ. ನಮ್ಮೂರಿನಲ್ಲಿ ಹೋದ ನೋವು ಯಾರಿಗೂ ಮರಳಿ ಬಂದದ್ದಿಲ್ಲ.

ಚೀಟಿಯನ್ನು ಸಿದ್ರಾಮನ ಕೈಗೆ ಕೊಟ್ಟೆ. ಅವನು ಹೊಡೆದುಹಾಕಿದ ತನ್ನ ಹೆಸರನ್ನೂ ಅದರ ಮೇಲಿನ ನನ್ನ ಹೆಸರನ್ನೂ ಓದಿದ.

"ಬ್ಯಾನಿ ನನಗ ಬರಲಿ ಅಂತ ಬರಸಿದೆ" ಎಂದೆ. "ತಮ್ಮನ್ನ ನಾನ ತಿಳೀಲಿಲ್ಲ."

ಅವನು ಚೀಟಿಯನ್ನು ಮಡಚಿ ನನ್ನ ಕೈಗೇ ಇಟ್ಟು ನಕ್ಕ. "ನನ್ನ ಪಾಲಿಂದು ನೀ ಉಂಡಿ ಅಲ್ಲ, ನೀಲಕ್ಕಾ!" ಇಪ್ಪತ್ತೆರಡು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದು ಹೋಗುತ್ತಿದ್ದಾಗ ಅವನು ನನ್ನನ್ನು ಹಾಗೆಯೇ ಕರೆಯುತ್ತಿದ್ದ.

"ಉಂಡೆ. ತಪ್ಪಾತು."

"ಇರಲಿ ಬಿಡು. ನಡಾ ಬ್ಯಾನಿ ಏನು, ಹಳೇ ಗೆಳ್ಯಾ ಇದ್ದಂಗ. ಅಕ್ಕಾ, ಅಂವ ನನ್ನ ಹೆಸರಿಗೆ ಗೆಲ್ಲೂ ಕುದುರಿ ಕಟ್ಟಿದ್ದ, ಹೌದಲ್ಲ?"

"ಹೌದು."

"ಗೊತ್ತಿದ್ದ ಕಟ್ಟಿದ್ದ?"

"ಗೊತ್ತಿದ್ದ. ಮೂರು ತಿಂಗಳು ಕಲಿಸಿ ಕಟ್ಟಿದ್ದ."

"ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಅವನು ಹೋಗಿ ತನ್ನ ಬ್ಯಾಟರಿ ಗಾಡಿಯಲ್ಲಿ ಕುಳಿತು, ಹಿಡಿಯ ಮೇಲೆ ಹಣೆಯಿಟ್ಟು ಗಟ್ಟಿಯಾಗಿ ಅತ್ತ. ಮೇಲಿನ ಕಟ್ಟೆಯವರು, ಹಣ ಕಳೆದುಕೊಂಡನೆಂದು ತಿಳಿದು, ಬಗ್ಗಿ ನೋಡಿದರು. ನನ್ನ ತಮ್ಮನಿಗಾಗಿ ಅವನು ಅತ್ತ. ಪಕ್ಕದಲ್ಲಿ ನಿಂತು ನಾನು ನೋಡಿದೆ. ಅವನ ಅಳು ಮುಗಿಯುವ ತನಕ ನಿಂತಿರುವುದು ಸರಿಯೆಂದು ಬುದ್ಧಿಗೆ ತೋಚಿತು, ನಿಂತೆ.

ಹನ್ನೊಂದನೆಯ ದಿನ ಬಂದವರು ನನ್ನ ಕಣ್ಣು ಒಣಗಿದ್ದನ್ನು ಕಂಡರು. ತಾರವ್ವ ನನ್ನ ಬೆನ್ನು ಸವರಿ, "ಅತ್ತುಬಿಡು ನೀಲವ್ವಾ, ಒಳಗ ಇಟ್ಟಗೋಬ್ಯಾಡ" ಎಂದಳು. ಒಳಗೆ ಏನೂ ಇಲ್ಲವೆಂದು ಅವಳಿಗೆ ಹೇಗೆ ಹೇಳಲಿ? ಬಡಿಸಿದ್ದನ್ನು ಉಂಡೆ. ರುಚಿಯಾಗಿತ್ತು. ಸಿದ್ರಾಮ ಈಗ ಪ್ರತಿ ಸೋಮವಾರ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂರುತ್ತಾನೆ. ಬಾಗಿಲು ತಟ್ಟುವುದಿಲ್ಲ, ಕೆಮ್ಮುತ್ತಾನೆ. ಮಲ್ಲಪ್ಪನ ಮಾತು ಬಂದರೆ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾನೆ. ನಾನು ಚಹಾ ಕೊಡುತ್ತೇನೆ, ಕೇಳಿದ್ದಕ್ಕೆ ನೆನಪಿದ್ದದ್ದನ್ನು ಹೇಳುತ್ತೇನೆ. ಎಲ್ಲವೂ ನೆನಪಿದೆ.

ದಿನವೂ ಪೂಜೆಗೆ ಕೂರುತ್ತೇನೆ. ಮೊದಲು ಅತ್ತು ಬೇಡುತ್ತಿದ್ದವಳು ಈಗ ಬರಿಯ ಬಾಯಿಂದ ಬೇಡುತ್ತೇನೆ. ಶಿವನೇ, ಮಲ್ಲಪ್ಪ ನಿನ್ನ ಹತ್ತಿರ ಬಂದಿದ್ದಾನೆ. ಅವನ ಕೈಯಲ್ಲಿ ಹಗೆ ಇಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ಅವನ ಎಡಗಾಲು ಎರಡು ಬೆರಳು ಗಿಡ್ಡ, ನಿನ್ನಲ್ಲಿ ಮೆಟ್ಟಿಲುಗಳಿದ್ದರೆ ಕೈ ಹಿಡಿದು ಹತ್ತಿಸು. ಅವನಿಗಾಗಿ ನಾನು ಅಳಲಾರೆ. ಅದನ್ನು ಅವನ ಲೆಕ್ಕಕ್ಕೆ ಹಿಡಿಯಬೇಡ, ನನ್ನ ಲೆಕ್ಕಕ್ಕೆ ಹಿಡಿ. ನನ್ನ ತಮ್ಮನಿಗೆ ಶಾಂತಿ ಕೊಡು.